ಈ ಸಲ ಯಾವ ಚಿಹ್ನೆ?

2024ರ ಜೂನ್ 4. ಆಫೀಸಿನ ಕ್ಯಾಂಟೀನಿನಲ್ಲಿ ಜನ ತಟ್ಟೆ ಹಿಡಿದುಕೊಂಡೇ ಟಿವಿ ಮುಂದೆ ನಿಂತಿದ್ದರು. ನನ್ನ ಪಕ್ಕದ ಸೀಟಿನ ಗೆಳೆಯ ಗುಂಟೂರಿನವನು. ಬೆಂಗಳೂರಿಗೆ ಬಂದು ಹನ್ನೆರಡು ವರ್ಷ ಆಯಿತು. ಕನ್ನಡ ಚೆನ್ನಾಗಿಯೇ ಮಾತಾಡುತ್ತಾನೆ, ಸಿಟ್ಟು ಬಂದಾಗ ಮಾತ್ರ ತೆಲುಗಿಗೆ ಜಾರುತ್ತಾನೆ. ಅವತ್ತು ಸಿಟ್ಟಿಲ್ಲದೆಯೂ ತೆಲುಗೇ ಬರುತ್ತಿತ್ತು. ಆಂಧ್ರದ 175 ಸ್ಥಾನಗಳಲ್ಲಿ ತೆಲುಗುದೇಶಕ್ಕೆ 135. ಲೋಕಸಭೆಯಲ್ಲಿ 16. ಅತ್ತ ಬಿಜೆಪಿ 240ಕ್ಕೆ ನಿಂತುಬಿಟ್ಟಿತ್ತು. ದಿಲ್ಲಿಯಲ್ಲಿ ಸರ್ಕಾರ ಆಗಬೇಕಾದರೆ ಚಂದ್ರಬಾಬು ನಾಯ್ಡು ಅವರನ್ನು ಕೇಳಲೇಬೇಕು ಅನ್ನೋ ಪರಿಸ್ಥಿತಿ.

"ನಿಮ್ಮದು ಯಾವ ಪಾರ್ಟಿ?" ಅಂತ ಕೇಳಿದ.

"ನಾನು ಯಾವ ಪಾರ್ಟಿಯೂ ಅಲ್ಲ ಮಾರಾಯ."

"ನಿನ್ನದಲ್ಲ. ನಿಮ್ಮದು. ಕನ್ನಡದವರದ್ದು."

ಜೆಡಿಎಸ್ ಇದೆಯಲ್ಲ ಅಂದೆ. ಅವನು ಟಿವಿ ಕಡೆ ನೋಡಿದ. ಕರ್ನಾಟಕದ ಸಾಲಿನಲ್ಲಿ ಬಿಜೆಪಿ 17, ಕಾಂಗ್ರೆಸ್ 9, ಜೆಡಿಎಸ್ 2. ಆ ಎರಡೂ ಬಿಜೆಪಿ ಜೊತೆ ಸೇರಿ ಗೆದ್ದಿದ್ದು. ಅವನು ಏನೂ ಹೇಳಲಿಲ್ಲ, ವಡೆ ಮುರಿದು ಚಟ್ನಿಗೆ ಅದ್ದಿದ. ಹೇಳಿದ್ದರೇ ವಾಸಿಯಿತ್ತು.

ಆ ಪ್ರಶ್ನೆ ಕೆಲವು ದಿನ ತಲೆಯಲ್ಲೇ ಕೂತಿತ್ತು. ಉತ್ತರ ಹುಡುಕುತ್ತಾ ಹೋದರೆ ನನಗೆ ನೆನಪಾಗಿದ್ದು ಮಾತ್ರ ದೊಡ್ಡಮ್ಮ.

ನಮ್ಮದು ಸೊರಬ ತಾಲೂಕು. ಬಂಗಾರಪ್ಪನವರ ಸೀಮೆ. 1994ರ ನವೆಂಬರ್ ಕೊನೆಯಲ್ಲಿ ವಿಧಾನಸಭೆ ಚುನಾವಣೆ ಬಂತು. ಅಡಿಕೆ ಕೊಯ್ಲಿನ ಕಾಲ. ರಾತ್ರಿ ಊಟ ಆದ ಮೇಲೆ ಅಂಗಳದಲ್ಲಿ ಚಪ್ಪರದ ಕೆಳಗೆ ಒಂದು ಬಲ್ಬು ಇಳಿಬಿಟ್ಟು ಹತ್ತು ಹದಿನೈದು ಜನ ಸುಲಿಯೋಕೆ ಕೂರುತ್ತಿದ್ದರು. ಮೆಟ್ಟುಗತ್ತಿಯ ಮೇಲೆ ಕಾಲಿಟ್ಟು, ಕೈ ತನ್ನಷ್ಟಕ್ಕೆ ತಾನು ಓಡುತ್ತಿತ್ತು. ಬಾಯಿಗೆ ಬೇರೆ ಕೆಲಸ. ಅವತ್ತು ದೊಡ್ಡಮ್ಮ ತಲೆ ಎತ್ತದೆ ಕೇಳಿದಳು: "ಈ ಸಲ ಬಂಗಾರಪ್ಪೋರದ್ದು ಯಾವ ಚಿಹ್ನೆನೋ?"

ಕೇಳೋದಕ್ಕೆ ಕಾರಣ ಇತ್ತು. ಬಂಗಾರಪ್ಪ 1967ರಿಂದ ಸೊರಬದಲ್ಲಿ ಗೆಲ್ಲುತ್ತಲೇ ಬಂದವರು. ಆದರೆ ಪಕ್ಷ ಒಂದೇ ಇರಲಿಲ್ಲ. ಕಾಂಗ್ರೆಸ್ ಅಂದುಕೊಳ್ಳುವಷ್ಟರಲ್ಲಿ ಕ್ರಾಂತಿರಂಗ, ಕ್ರಾಂತಿರಂಗ ಅಂದುಕೊಳ್ಳುವಷ್ಟರಲ್ಲಿ ಜನತಾ, ಮತ್ತೆ ಕಾಂಗ್ರೆಸ್. 1994ರಲ್ಲಿ ತಮ್ಮದೇ ಕರ್ನಾಟಕ ಕಾಂಗ್ರೆಸ್ ಪಕ್ಷ ಕಟ್ಟಿಕೊಂಡು ಬಂದಿದ್ದರು. ಊರಿನವರಿಗೆ ಇದರಿಂದ ಬೇಜಾರೇನೂ ಇರಲಿಲ್ಲ. ಚಿಹ್ನೆ ಒಂದು ಗೊತ್ತಾದರೆ ಸಾಕು. ಪಂಪ್‌ಸೆಟ್ಟಿಗೆ ಬಿಟ್ಟಿ ಕರೆಂಟು ಕೊಟ್ಟವರು, ಆಶ್ರಯ ಮನೆ ಕೊಟ್ಟವರು, ಆರಾಧನಾ ಯೋಜನೆಯಲ್ಲಿ ಊರ ಗುಡಿಗೆ ದುಡ್ಡು ಕೊಟ್ಟವರು. ಅವರು ಯಾವ ಬಸ್ಸಲ್ಲಿ ಬಂದರೆ ನಮಗೇನು?

ಆ ಚುನಾವಣೆಯಲ್ಲಿ ಅವರ ಪಕ್ಷ ರಾಜ್ಯದಲ್ಲಿ 10 ಸ್ಥಾನ ಗೆದ್ದಿತು. ಹೆಸರಿನಲ್ಲೇ ಕರ್ನಾಟಕ ಇದ್ದ ಪಕ್ಷ. ಕೆಲವೇ ವರ್ಷದಲ್ಲಿ ಬಂಗಾರಪ್ಪ ಕಾಂಗ್ರೆಸ್ಸಿಗೆ ವಾಪಸ್ಸು. ಆಮೇಲೆ ಕರ್ನಾಟಕ ವಿಕಾಸ ಪಕ್ಷ ಅಂತ ಇನ್ನೊಂದು ಕಟ್ಟಿದರು. ಅದೂ ಮುಳುಗಿತು.

ಇದನ್ನೇ ಗುಂಟೂರಿನ ಗೆಳೆಯನಿಗೆ ಹೇಳಿದರೆ ನಕ್ಕಾನು. ಅವನ ಕಡೆ ಪಕ್ಷಕ್ಕೆ ನಲವತ್ತು ದಾಟಿದೆ, ಸೈಕಲ್ ಇನ್ನೂ ಓಡುತ್ತಿದೆ. ತಮಾಷೆ ಅಂದರೆ ಅವರೂ ನಾವೂ ಒಂದೇ ದಿನ ಹೊರಟವರು.

1983ರ ಜನವರಿ 5. ಆಂಧ್ರದಲ್ಲೂ ಕರ್ನಾಟಕದಲ್ಲೂ ಅದೇ ದಿನ ಮತದಾನ. ಅಲ್ಲಿಯವರೆಗೆ ಎರಡೂ ಕಡೆ ಕಾಂಗ್ರೆಸ್ ಬಿಟ್ಟು ಬೇರೆಯವರು ಮುಖ್ಯಮಂತ್ರಿ ಕುರ್ಚಿ ನೋಡಿರಲಿಲ್ಲ ಅಂತಲೇ ಹೇಳಬಹುದು. ಎರಡೂ ಕಡೆ ಕಾಂಗ್ರೆಸ್ ಬಿತ್ತು. ಹೆಚ್ಚುಕಮ್ಮಿ ಒಂದೇ ವಾರದಲ್ಲಿ ಅಲ್ಲಿ ಎನ್.ಟಿ. ರಾಮರಾವ್, ಇಲ್ಲಿ ರಾಮಕೃಷ್ಣ ಹೆಗಡೆ ಮುಖ್ಯಮಂತ್ರಿ. ಎನ್‌ಟಿಆರ್ ಅವರ ಪಕ್ಷಕ್ಕೆ ಆಗ ವಯಸ್ಸು ಒಂಬತ್ತು ತಿಂಗಳು. 294ರಲ್ಲಿ 200ಕ್ಕೂ ಜಾಸ್ತಿ ಗೆದ್ದಿತ್ತು. ಇಲ್ಲಿ ಜನತಾ ಪಕ್ಷಕ್ಕೆ 224ರಲ್ಲಿ 95. ಬಿಜೆಪಿಯ 18 ಮತ್ತು ಇತರರ ಬೆಂಬಲದ ಮೇಲೆ ಸರ್ಕಾರ.

ಆಂಧ್ರದ ಕಥೆ ಶುರುವಾಗೋದು ಒಂದು ವಿಮಾನ ನಿಲ್ದಾಣದಲ್ಲಿ. 1982ರ ಫೆಬ್ರವರಿ, ಹೈದರಾಬಾದಿನ ಬೇಗಂಪೇಟೆ. ರಾಜೀವ್ ಗಾಂಧಿ ಬಂದಿಳಿದರು. ಮುಖ್ಯಮಂತ್ರಿ ಅಂಜಯ್ಯ ಹಾರ, ತುರಾಯಿ, ಡೋಲು, ಜನ ಎಲ್ಲ ಸೇರಿಸಿ ಸ್ವಾಗತಕ್ಕೆ ನಿಂತಿದ್ದರು. ಆ ಗದ್ದಲ ನೋಡಿ ರಾಜೀವ್ ಎಲ್ಲರೆದುರೇ ಅವರನ್ನು ಗದರಿಬಿಟ್ಟರು. ಅಂಜಯ್ಯ ಕಣ್ಣೀರು ಹಾಕಿದರು ಅಂತ ಇವತ್ತಿಗೂ ಅಲ್ಲಿ ಹೇಳುತ್ತಾರೆ. ಕೆಲವೇ ದಿನದಲ್ಲಿ ಅವರ ಕುರ್ಚಿಯೂ ಹೋಯಿತು. 1978ರಿಂದ 83ರವರೆಗೆ ಆ ರಾಜ್ಯ ಕಂಡಿದ್ದು ನಾಲ್ಕು ಮುಖ್ಯಮಂತ್ರಿಗಳನ್ನು. ಇಳಿಸೋದೂ ಏರಿಸೋದೂ ದಿಲ್ಲಿಯಲ್ಲೇ. ಮಾರ್ಚ್ 29ಕ್ಕೆ ಎನ್‌ಟಿಆರ್ ಪಕ್ಷ ಘೋಷಿಸಿದರು. ಹಳೆಯ ವ್ಯಾನಿಗೆ ಚೈತನ್ಯ ರಥ ಅಂತ ಹೆಸರಿಟ್ಟು ಊರೂರು ಸುತ್ತಿದರು. ರಸ್ತೆ ಬದಿಯಲ್ಲೇ ಸ್ನಾನ, ಊಟ. ಹೇಳಿದ್ದು ಮುಖ್ಯವಾಗಿ ಎರಡು ಮಾತು: ಎರಡು ರೂಪಾಯಿಗೆ ಕೆಜಿ ಅಕ್ಕಿ, ಮತ್ತು ತೆಲುಗರ ಆತ್ಮಗೌರವ.

ಕರ್ನಾಟಕದಲ್ಲಿ ಸಾಮಾನು ಕಮ್ಮಿ ಇತ್ತಾ? ನನಗೆ ಹಾಗನ್ನಿಸುವುದಿಲ್ಲ. 1980ರಲ್ಲಿ ನರಗುಂದ, ನವಲಗುಂದದಲ್ಲಿ ರೈತರ ಮೇಲೆ ಗುಂಡು ಹಾರಿತ್ತು. ರೈತ ಸಂಘ ಹುಟ್ಟಿ ಹಸಿರು ಶಾಲು ಊರೂರಲ್ಲಿ ಕಾಣುತ್ತಿತ್ತು. ಕಾಂಗ್ರೆಸ್ಸಿನಿಂದ ಹೊರಬಿದ್ದ ದೇವರಾಜ ಅರಸು ಕ್ರಾಂತಿರಂಗ ಕಟ್ಟಿದ್ದರು. ಗೋಕಾಕ್ ವರದಿ ಜಾರಿಗೆ ಬರಲಿ, ಶಾಲೆಯಲ್ಲಿ ಕನ್ನಡವೇ ಮೊದಲ ಭಾಷೆಯಾಗಲಿ ಅಂತ 1982ರಲ್ಲಿ ರಾಜಕುಮಾರ್ ಬೀದಿಗಿಳಿದಾಗ ಸೇರಿದ ಜನ ಎಷ್ಟು ಅಂತ ನಮ್ಮಪ್ಪ ಈಗಲೂ ಕೈ ಅಗಲಿಸಿ ತೋರಿಸುತ್ತಾರೆ. ಆಂಧ್ರದಲ್ಲಿ ಸಿನಿಮಾ ನಾಯಕ ಪಕ್ಷ ಕಟ್ಟಿದ ವರ್ಷವೇ ಇಲ್ಲಿ ಸಿನಿಮಾ ನಾಯಕ ಭಾಷೆಗಾಗಿ ರಾಜ್ಯ ಸುತ್ತಿದ್ದರು. ಅಕ್ಕಿ, ಬೇಳೆ, ಒಲೆ, ಬೆಂಕಿ ಎಲ್ಲ ಇತ್ತು. ಅಡುಗೆ ಮಾತ್ರ ಬೇರೆಯವರ ಪಾತ್ರೆಯಲ್ಲಿ ಬೆಂದಿತು.

ರಾಜಕುಮಾರ್ ಬರಲಿಲ್ಲ. 1978ರಲ್ಲೇ ಚಿಕ್ಕಮಗಳೂರು ಉಪಚುನಾವಣೆಗೆ ಇಂದಿರಾ ಗಾಂಧಿ ವಿರುದ್ಧ ಅವರನ್ನು ನಿಲ್ಲಿಸೋಕೆ ಏನೆಲ್ಲ ಕಸರತ್ತು ನಡೆದಿತ್ತು. ಆಗಲೂ ಒಪ್ಪಲಿಲ್ಲ, ಗೋಕಾಕ್ ಆದ ಮೇಲೂ ಒಪ್ಪಲಿಲ್ಲ. ಅರಸು 1982ರ ಜೂನ್‌ನಲ್ಲಿ ತೀರಿಕೊಂಡರು. ಅವರ ಕ್ರಾಂತಿರಂಗ ಬಂಗಾರಪ್ಪನವರ ಕೈಗೆ ಬಂತು, ಅಲ್ಲಿಂದ ಜನತಾ ಪಕ್ಷದ ಜೊತೆ ಸೇರಿಹೋಯಿತು. ಗೆದ್ದ ಮೇಲೆ ಮುಖ್ಯಮಂತ್ರಿ ಆಗೋದು ತಾವೇ ಅಂತ ಬಂಗಾರಪ್ಪ ಕಾದಿದ್ದರು. ಆಗಿದ್ದು ಹೆಗಡೆ. ಸೊರಬದಲ್ಲಿ ಈ ಮಾತು ಈಗ ಎತ್ತಿದರೂ ಚಹಾ ತಣ್ಣಗಾಗುವವರೆಗೆ ಮಾತು ಮುಗಿಯುವುದಿಲ್ಲ.

ಹೆಗಡೆಯವರ ಕಾಲವನ್ನು ನಾನು ಕಡಿಮೆ ಮಾಡಿ ಹೇಳುತ್ತಿಲ್ಲ. 1984ರ ಲೋಕಸಭೆ ಚುನಾವಣೆಯಲ್ಲಿ ಜನತಾ ಪಕ್ಷಕ್ಕೆ ರಾಜ್ಯದ 28ರಲ್ಲಿ ಸಿಕ್ಕಿದ್ದು 4. ಹೆಗಡೆ ರಾಜೀನಾಮೆ ಬಿಸಾಕಿ ಚುನಾವಣೆಗೆ ಹೋದರು. ಎರಡೇ ತಿಂಗಳ ಅಂತರದಲ್ಲಿ, 1985ರ ಮಾರ್ಚ್‌ನಲ್ಲಿ, ಅದೇ ಜನ 139 ಸ್ಥಾನ ಕೊಟ್ಟರು. ದಿಲ್ಲಿಗೆ ಒಂದು ಲೆಕ್ಕ, ಬೆಂಗಳೂರಿಗೆ ಒಂದು ಲೆಕ್ಕ ಅನ್ನೋದನ್ನ ಕನ್ನಡಿಗರು ಆಗಲೇ ಕಲಿತಿದ್ದರು. ಒಂದು ರೀತಿಯಲ್ಲಿ ಅದೇ ನಮ್ಮ ಪ್ರಾದೇಶಿಕ ರಾಜಕಾರಣ. ಹೆಸರು ಮಾತ್ರ ಜನತಾ.

ಈಗ ಇನ್ನೊಂದು ವಿಮಾನ ನಿಲ್ದಾಣ. 1990ರ ಅಕ್ಟೋಬರ್, ಬೆಂಗಳೂರು. ಹಿಂದಿನ ವರ್ಷವಷ್ಟೇ ವೀರೇಂದ್ರ ಪಾಟೀಲರ ಮುಂದಾಳತ್ವದಲ್ಲಿ ಕಾಂಗ್ರೆಸ್ 178 ಸ್ಥಾನ ಗೆದ್ದಿತ್ತು. ಪಾಟೀಲರು ಪಾರ್ಶ್ವವಾಯು ಹೊಡೆದು ಹಾಸಿಗೆ ಹಿಡಿದಿದ್ದರು. ರಾಜ್ಯದಲ್ಲಿ ಅಲ್ಲಲ್ಲಿ ಕೋಮುಗಲಭೆ. ರಾಜೀವ್ ಬಂದರು, ಪಾಟೀಲರನ್ನು ನೋಡಿದರು, ವಾಪಸ್ಸು ಹೋಗುವಾಗ ವಿಮಾನ ನಿಲ್ದಾಣದಲ್ಲೇ ಮುಖ್ಯಮಂತ್ರಿ ಬದಲಾಗುತ್ತಾರೆ ಅಂತ ಹೇಳಿ ಹೊರಟರು. ಬೇಗಂಪೇಟೆಗೂ ಇದಕ್ಕೂ ವ್ಯತ್ಯಾಸ ಎಲ್ಲಿದೆ? ನೋಡಿದರೆ ಇದೇ ಇನ್ನೂ ಕೆಟ್ಟದ್ದು, ಕಾಯಿಲೆ ಬಿದ್ದ ಮನುಷ್ಯ.

ವ್ಯತ್ಯಾಸ ಆಮೇಲೆ ಆಗಿದ್ದರಲ್ಲಿ ಇದೆ. ಬೇಗಂಪೇಟೆಯಲ್ಲಿ ಆಗಿದ್ದು ತೆಲುಗರಿಗೆ ಆದ ಅವಮಾನ ಅಂತ ಎನ್‌ಟಿಆರ್ ಹೇಳಿದರು, ಜನ ಹೌದು ಅಂದರು. ಬೆಂಗಳೂರಿನಲ್ಲಿ ಆಗಿದ್ದು ಲಿಂಗಾಯತರಿಗೆ ಆದ ಅವಮಾನ ಅಂತಾಯಿತು. ಕನ್ನಡಿಗರಿಗೆ ಆದ ಅವಮಾನ ಅಂತ ಯಾರೂ ಜೋರಾಗಿ ಹೇಳಿದ್ದು ನನಗೆ ಗೊತ್ತಿಲ್ಲ. 1994ರಲ್ಲಿ ಕಾಂಗ್ರೆಸ್ 34ಕ್ಕೆ ಇಳಿಯಿತು. ಮುನಿಸಿಕೊಂಡವರು ಹೊಸ ಪಕ್ಷ ಹುಡುಕಲಿಲ್ಲ. ಕೆಲವರು ಜನತಾದಳಕ್ಕೆ ಹೋದರು, ಕೆಲವರು ಬಿಜೆಪಿಗೆ. ಬಿಜೆಪಿಗೆ ಹೋದವರು ಅಲ್ಲೇ ಉಳಿದರು.

ಪಾಟೀಲರ ಜಾಗಕ್ಕೆ ಬಂದವರು ಯಾರು? ನಮ್ಮ ಬಂಗಾರಪ್ಪನವರೇ. ಎರಡು ವರ್ಷ ಆಗುವಷ್ಟರಲ್ಲಿ, 1992ರ ನವೆಂಬರ್‌ನಲ್ಲಿ, ಅವರನ್ನೂ ದಿಲ್ಲಿಯೇ ಇಳಿಸಿತು. ಆ ಎರಡು ವರ್ಷದಲ್ಲಿ ಅವರು ಮಾಡಿದ್ದೇನು ಅಂತ ನೋಡಿ. 1991ರ ಜೂನ್‌ನಲ್ಲಿ ಕಾವೇರಿ ನ್ಯಾಯಮಂಡಳಿ ತಮಿಳುನಾಡಿಗೆ ವರ್ಷಕ್ಕೆ 205 ಟಿಎಂಸಿ ನೀರು ಬಿಡಿ ಅಂತ ಮಧ್ಯಂತರ ಆದೇಶ ಕೊಟ್ಟಿತು. ಬಂಗಾರಪ್ಪ ಅದಕ್ಕೆ ಅಡ್ಡ ಸುಗ್ರೀವಾಜ್ಞೆ ಹೊರಡಿಸಿದರು. ಸುಪ್ರೀಂ ಕೋರ್ಟಿನಲ್ಲಿ ಅದು ನಿಲ್ಲಲಿಲ್ಲ. ಸರಿಯೋ ತಪ್ಪೋ, ಪ್ರಾದೇಶಿಕ ಪಕ್ಷದ ಮುಖ್ಯಮಂತ್ರಿಯೂ ಮಾಡೋಕೆ ಹಿಂದೆಮುಂದೆ ನೋಡುವಂಥ ಕೆಲಸವನ್ನು ಕಾಂಗ್ರೆಸ್ಸಿನ ಮುಖ್ಯಮಂತ್ರಿ ಮಾಡಿದ್ದರು. ಅವರೇ ಮುಂದೆ ಕರ್ನಾಟಕದ ಹೆಸರಿನ ಪಕ್ಷ ಕಟ್ಟಿ ಮಂಡ್ಯ ಮೈಸೂರಿನ ರೈತನ ಮುಂದೆ ನಿಂತರೆ ರಾಜ್ಯವೇ ಎದ್ದು ಬರಬೇಕಿತ್ತಲ್ವಾ? ಬರಲಿಲ್ಲ. ನಮ್ಮೂರಿನಲ್ಲಿ ಹೇಳಿದ ಮಾತು "ನಮ್ಮೋರನ್ನ ಇಳಿಸಿಬಿಟ್ರು" ಅಂತ. ಆ "ನಮ್ಮೋರು" ಅಂದರೆ ಯಾರು ಅಂತ ಬಿಡಿಸಿ ಹೇಳಬೇಕಾಗಿರಲಿಲ್ಲ. ಅದು ಮಂಡ್ಯದವರಿಗೂ ಗೊತ್ತಿತ್ತು. ಅವರಿಗೆ ಅವರ "ನಮ್ಮೋರು" ಇದ್ದರು.

ನನಗೆ ಅನ್ನಿಸುವುದು ಇಷ್ಟು. ಇಲ್ಲಿ ದಿಲ್ಲಿಯಿಂದ ಪೆಟ್ಟು ಬಿದ್ದಾಗಲೆಲ್ಲ ನೋವಾಗಿದ್ದು ಒಂದು ಸಮುದಾಯಕ್ಕೆ. ಪಕ್ಕದ ಸಮುದಾಯ ಸುಮ್ನೆ ನೋಡುತ್ತಾ ನಿಂತಿತು. ಕೆಲವೊಮ್ಮೆ ಒಳಗೊಳಗೇ ಖುಷಿಯನ್ನೂ ಪಟ್ಟಿತು. ತೆಲುಗುದೇಶದ ಬೆನ್ನಿಗೂ ಜಾತಿ ಇದೆ, ಗುಂಟೂರಿನವನೇ ಅದನ್ನು ಒಪ್ಪುತ್ತಾನೆ. ಆದರೆ ಅವರು ಬೋರ್ಡಿನ ಮೇಲೆ ಬರೆದಿದ್ದು ತೆಲುಗು. ನಮ್ಮಲ್ಲಿ ಬೋರ್ಡಿನ ಮೇಲೆ ಕರ್ನಾಟಕ ಅಂತಲೇ ಬರೆದರು, ಜನ ಓದಿದ್ದು ಬರೆದವರ ಜಾತಿಯನ್ನು.

ಯಡಿಯೂರಪ್ಪನವರ ಕೆಜೆಪಿ ಇದಕ್ಕೆ ಹೊಸ ಉದಾಹರಣೆ. 2012ರ ಡಿಸೆಂಬರ್, ಹಾವೇರಿಯಲ್ಲಿ ಭಾರೀ ಸಮಾವೇಶ. ಕರ್ನಾಟಕ ಜನತಾ ಪಕ್ಷ. ಚಿಹ್ನೆ ತೆಂಗಿನಕಾಯಿ. 2013ರಲ್ಲಿ ಹತ್ತಿರಹತ್ತಿರ ಶೇ 10ರಷ್ಟು ಮತ ತೆಗೆದುಕೊಂಡರು, ಗೆದ್ದಿದ್ದು 6. ಬಿಜೆಪಿ 110ರಿಂದ 40ಕ್ಕೆ ಬಿತ್ತು, ಕಾಂಗ್ರೆಸ್ 122 ಗೆದ್ದು ಸರ್ಕಾರ ಮಾಡಿತು. ತೆಂಗಿನಕಾಯಿ ಈಡುಗಾಯಿ ಆಯಿತು, ಕೆಲಸ ಅಲ್ಲಿಗೆ ಮುಗಿಯಿತು. 2014ರ ಜನವರಿಗೆ ಯಡಿಯೂರಪ್ಪ ಮರಳಿ ಬಿಜೆಪಿ. ಅದೇ ಚುನಾವಣೆಯಲ್ಲಿ ಶ್ರೀರಾಮುಲು ಅವರ ಪಕ್ಷ 4 ಗೆದ್ದಿತ್ತು, ಅದೂ ಬಿಜೆಪಿಗೇ ಹೋಯಿತು. 2022ರ ಕೊನೆಯಲ್ಲಿ ಜನಾರ್ದನ ರೆಡ್ಡಿ ಪಕ್ಷ ಕಟ್ಟಿ, 2023ರಲ್ಲಿ ಗಂಗಾವತಿಯಲ್ಲಿ ತಾವೊಬ್ಬರೇ ಗೆದ್ದರು. ವರ್ಷದೊಳಗೆ ಅದೂ. ಇವೆಲ್ಲ ಬಸ್ಸು ತಪ್ಪಿಹೋದಾಗ ಕೂರುವ ತಂಗುದಾಣಗಳು. ಯಾರೂ ಅಲ್ಲಿ ಮನೆ ಕಟ್ಟಲು ಬಂದವರಲ್ಲ.

ಜೆಡಿಎಸ್ ಹಾಗಲ್ಲ, ಉಳಿದುಕೊಂಡಿತು. 1999ರಲ್ಲಿ ಜನತಾದಳ ಒಡೆದಾಗ ಹುಟ್ಟಿ ಆ ಚುನಾವಣೆಯಲ್ಲಿ 10 ಗೆದ್ದಿತ್ತು. 2004ರಲ್ಲಿ 58. ಆಗ ಉತ್ತರ ಕರ್ನಾಟಕದಲ್ಲೂ ತೆನೆ ಹೊತ್ತ ಮಹಿಳೆ ಕಾಣುತ್ತಿದ್ದಳು. ಆ ಹೊತ್ತಿಗೆ ಒಂದು ನಿಜವಾದ ಕನ್ನಡ ಪಕ್ಷ ಆಗುವ ದಾರಿ ತೆರೆದಿತ್ತು ಅಂತ ನನಗೆ ಈಗಲೂ ಅನ್ನಿಸುತ್ತದೆ. ಆಮೇಲೆ ಬಿಜೆಪಿ ಜೊತೆ ಇಪ್ಪತ್ತು ಇಪ್ಪತ್ತು ತಿಂಗಳ ಅಧಿಕಾರ ಹಂಚಿಕೆ ಒಪ್ಪಂದ, ಅಧಿಕಾರ ಬಿಟ್ಟುಕೊಡದ ಜಗಳ. 2008ರಲ್ಲಿ 28. ಪಕ್ಷ ಮೆಲ್ಲಗೆ ಕಾವೇರಿ ಬಯಲಿಗೆ ಸರಿಯಿತು, ಆಮೇಲೆ ಮನೆಯೊಳಗೆ. 2023ರಲ್ಲಿ 19. ಅದೇ ವರ್ಷ ಸೆಪ್ಟೆಂಬರ್‌ನಲ್ಲಿ ಬಿಜೆಪಿ ಕೂಟಕ್ಕೆ. ದೇವೇಗೌಡರು ಈ ನಾಡಿನಿಂದ ಪ್ರಧಾನಿಯಾದ ಒಬ್ಬರೇ ಒಬ್ಬರು. ಆ ಎತ್ತರದಿಂದ ಇಲ್ಲಿಗೆ.

ಇನ್ನು ನಾಡು ಅನ್ನೋದು ಒಂದೇನಾ? ಬೀದರಿನವನನ್ನು ಕೇಳಿ. 1956ಕ್ಕೆ ಮುಂಚೆ ಹೈದರಾಬಾದಿನಲ್ಲಿದ್ದವರು, ಮುಂಬೈಯಲ್ಲಿದ್ದವರು, ಮದ್ರಾಸಿನಲ್ಲಿದ್ದವರು, ಕೊಡಗಿನವರು, ಮೈಸೂರಿನವರು ಎಲ್ಲ ಸೇರಿ ಆದ ರಾಜ್ಯ. ನಂಜುಂಡಪ್ಪ ಸಮಿತಿ 2002ರಲ್ಲಿ 114 ತಾಲೂಕು ಹಿಂದುಳಿದಿವೆ ಅಂತ ಪಟ್ಟಿ ಕೊಟ್ಟಿತು. ಆ ಪಟ್ಟಿಯ ಕೆಳಗಡೆ ಇರುವ ತಾಲೂಕಿನವನಿಗೆ ಅನ್ಯಾಯ ಬರೋದು ದಿಲ್ಲಿಯಿಂದ ಅಲ್ಲ, ಬೆಂಗಳೂರಿನಿಂದ. ಅವನ ಮುಂದೆ ನಿಂತು ನಾಡಿನ ಸ್ವಾಭಿಮಾನ ಅಂದರೆ, ಮೊದಲು ನಮ್ಮೂರಿಗೆ ರಾತ್ರಿ ಬಸ್ಸು ಬಿಡಿ ಅಂತಾನೆ. ಹೇಳಿದ್ದು ತಪ್ಪಾ?

ಒಂದು ವಿಚಿತ್ರ ಇದೆ, ಬರೆಯೋಕೆ ಸ್ವಲ್ಪ ಕಸಿವಿಸಿ. ಕರ್ನಾಟಕದಲ್ಲಿ ಭಾಷೆಯ ಹೆಸರಿನಲ್ಲಿ ತುಂಬಾ ವರ್ಷ ಸೀಟು ಗೆಲ್ಲುತ್ತಾ ಬಂದ ಗುಂಪು ಯಾವುದು ಗೊತ್ತಾ? ಬೆಳಗಾವಿಯ ಎಂಇಎಸ್, ಅಂದರೆ ಮಹಾರಾಷ್ಟ್ರ ಏಕೀಕರಣ ಸಮಿತಿ. ಮರಾಠಿಯವರದ್ದು! 2013ರಲ್ಲೂ ಇಬ್ಬರು ಶಾಸಕರಿದ್ದರು. 2018, 2023ರಲ್ಲಿ ಸೊನ್ನೆ. ಕನ್ನಡದ ಹೆಸರಿನಲ್ಲಿ ಹಾಗೆ ವಿಧಾನಸಭೆಗೆ ಹೋಗುತ್ತಿದ್ದವರು ವಾಟಾಳ್ ನಾಗರಾಜ್. ಚಾಮರಾಜನಗರದವರು ಅವರನ್ನು ಹಲವು ಸಲ ಗೆಲ್ಲಿಸಿದರು. ಅವರೊಬ್ಬರೇ ಒಂದು ಪಕ್ಷ. ಟಿವಿಯವರು ಅವರನ್ನು ತಮಾಷೆ ಮಾಡುತ್ತಾರೆ, ನಾವೂ ನಗುತ್ತೇವೆ. ಕತ್ತೆ ಮೇಲೆ ಕೂತ ಮನುಷ್ಯ ಕೇಳುತ್ತಿದ್ದ ಪ್ರಶ್ನೆಯನ್ನು ಸೂಟು ಹಾಕಿದವರು ಯಾಕೆ ಕೇಳಲಿಲ್ಲ ಅನ್ನೋದು ಬೇರೆ ವಿಷಯ.

ಮತ್ತೆ ಬಾವುಟ. ನವೆಂಬರ್ ಒಂದಕ್ಕೆ ಆಟೋ ಮೇಲೆ, ಬಸ್ ನಿಲ್ದಾಣದಲ್ಲಿ, ಅಮೆರಿಕದ ಕನ್ನಡ ಕೂಟದಲ್ಲಿ ಹಾರುವ ಹಳದಿ ಕೆಂಪು ಬಾವುಟ ಮೊದಲು ಒಂದು ರಾಜಕೀಯ ಪಕ್ಷದ್ದು. 1960ರ ದಶಕದಲ್ಲಿ ಮ. ರಾಮಮೂರ್ತಿ ಕನ್ನಡ ಪಕ್ಷಕ್ಕಾಗಿ ಮಾಡಿದ್ದು. ಪಕ್ಷ ಎಲ್ಲಿಹೋಯಿತೋ, ಈಗ ಯಾರಿಗೂ ನೆನಪಿಲ್ಲ. ಬಾವುಟ ಉಳಿಯಿತು. ಅದು ಪಕ್ಷದ್ದಾಗಿಯೇ ಇದ್ದಿದ್ದರೆ ನಮ್ಮೂರ ಬಸ್ ಸ್ಟ್ಯಾಂಡಿನ ಕಂಬಕ್ಕೆ ಏರುತ್ತಿತ್ತಾ? ಎದುರು ಪಾರ್ಟಿಯವರು ಬಿಡುತ್ತಿರಲಿಲ್ಲ.

ಹಾಗಾಗಿ ಇಲ್ಲಿ ಆಗಿರುವುದು ಏನೆಂದರೆ, ನಾಡಿನ ಮಾತನ್ನು ದಿಲ್ಲಿ ಪಕ್ಷಗಳೇ ಸರದಿ ಮೇಲೆ ಆಡುತ್ತವೆ. 2023ರ ಚುನಾವಣೆಗೆ ಮುಂಚೆ ಅಮುಲ್ ಹಾಲು ಬೆಂಗಳೂರಿಗೆ ಬರುತ್ತದೆ ಅಂದಾಗ ಕಾಂಗ್ರೆಸ್ಸಿನವರು ನಂದಿನಿ ಪ್ಯಾಕೆಟ್ ಹಿಡಿದರು. 15ನೇ ಹಣಕಾಸು ಆಯೋಗ ಕೇಂದ್ರ ತೆರಿಗೆಯಲ್ಲಿ ರಾಜ್ಯದ ಪಾಲನ್ನು ಶೇ 4.71ರಿಂದ 3.64ಕ್ಕೆ ಇಳಿಸಿದ್ದಕ್ಕೆ 2024ರ ಫೆಬ್ರವರಿಯಲ್ಲಿ ಇಡೀ ಸಂಪುಟ ದಿಲ್ಲಿಗೆ ಹೋಗಿ ಜಂತರ್ ಮಂತರ್‌ನಲ್ಲಿ ಕೂತಿತು. "ನನ್ನ ತೆರಿಗೆ ನನ್ನ ಹಕ್ಕು" ಅಂದರು. ಒಳ್ಳೆಯ ಮಾತು. ಆದರೆ ಅದೇ ಪಕ್ಷ ದಿಲ್ಲಿಯಲ್ಲಿ ಅಧಿಕಾರಕ್ಕೆ ಬಂದರೆ ಆ ಚಾಪೆ ಮಡಚುತ್ತಾರೆ, ಬಿಜೆಪಿಯವರು ತಮ್ಮ ಚಾಪೆ ಬಿಚ್ಚುತ್ತಾರೆ. 2019ರಲ್ಲಿ ರಾಜ್ಯದಿಂದ 25 ಬಿಜೆಪಿ ಸಂಸದರು ಹೋಗಿದ್ದರು. ಆ ಶೇ 1 ಕಡಿಮೆ ಆದಾಗ ಅವರಿಂದ ಗಟ್ಟಿ ದನಿ ಕೇಳಲಿಲ್ಲ. ಚುನಾವಣೆಗೆ ಟಿಕೆಟ್ ಕೊಡುವವರು ದಿಲ್ಲಿಯಲ್ಲಿದ್ದರೆ ಯಾರಿಗಾದರೂ ಗಂಟಲು ಕಟ್ಟುತ್ತದೆ.

ಇದನ್ನೆಲ್ಲ ಗೆಳೆಯನಿಗೆ ಒಂದು ಸಂಜೆ ಹೇಳಿದೆ. ಅವನು ಬೀಗಲಿಲ್ಲ. "ನಮ್ಮಲ್ಲಿ ಸರ್ಕಾರ ಬದಲಾದರೆ ರಾಜಧಾನಿಯೇ ನಿಂತುಹೋಗುತ್ತೆ, ಗೊತ್ತಲ್ಲ" ಅಂದ. ಅಮರಾವತಿಯ ಅರ್ಧ ಎದ್ದ ಕಟ್ಟಡಗಳು 2019ರಿಂದ ಐದು ವರ್ಷ ಹಾಗೇ ನಿಂತಿದ್ದವು. ಅಲ್ಲಿ ಎರಡು ಪಕ್ಷ, ಎರಡು ಮನೆತನ. ನಡುವೆ ಮೂರನೆಯವರಿಗೆ ಜಾಗ ಇಲ್ಲ. ಪ್ರಾದೇಶಿಕ ಪಕ್ಷ ಬಂದರೆ ಎಲ್ಲ ಸರಿಹೋಗುತ್ತದೆ ಅಂತ ನನಗೂ ಅನ್ನಿಸುವುದಿಲ್ಲ. ಆದರೂ ಆ ಜೂನ್ 4ರಂದು ಅವನ ಮುಖದಲ್ಲಿದ್ದ ಕಳೆ ನೋಡಿ ಹೊಟ್ಟೆಯಲ್ಲಿ ಒಂಥರಾ ಆಗಿದ್ದು ಸುಳ್ಳಲ್ಲ.

ಅದಕ್ಕೆ ಒಂದು ತಿಂಗಳ ಮುಂಚೆ, ಮೇ 7ಕ್ಕೆ, ವೋಟು ಹಾಕೋಕೆ ಊರಿಗೆ ಹೋಗಿದ್ದೆ. ನಮ್ಮದು ಶಿವಮೊಗ್ಗ ಲೋಕಸಭಾ ಕ್ಷೇತ್ರ. ಕಾಂಗ್ರೆಸ್ಸಿನಿಂದ ಗೀತಾ ಶಿವರಾಜಕುಮಾರ್, ಬಂಗಾರಪ್ಪನವರ ಮಗಳು, ರಾಜಕುಮಾರ್ ಅವರ ಸೊಸೆ. ಬಿಜೆಪಿಯಿಂದ ಬಿ.ವೈ. ರಾಘವೇಂದ್ರ, ಯಡಿಯೂರಪ್ಪನವರ ಮಗ. ಪಕ್ಷ ಕಟ್ಟಬಹುದಾಗಿದ್ದವರೊಬ್ಬರು, ಕಟ್ಟಿ ಬಿಟ್ಟವರಿಬ್ಬರು, ಮೂವರ ಮನೆಯವರೂ ಒಂದೇ ಯಂತ್ರದಲ್ಲಿ. ಬಟನ್ ಪಕ್ಕ ಕೈ ಮತ್ತು ಕಮಲ. ಅದರ ಹಿಂದಿನ ವರ್ಷ ವಿಧಾನಸಭೆಗೆ ಸೊರಬದಲ್ಲಿ ಬಂಗಾರಪ್ಪನವರ ಇಬ್ಬರು ಗಂಡುಮಕ್ಕಳೇ ಎದುರುಬದುರು ನಿಂತಿದ್ದರು. ಮಧು ಕಾಂಗ್ರೆಸ್ಸು, ಕುಮಾರ್ ಬಿಜೆಪಿ. ಗೆದ್ದಿದ್ದು ಮಧು.

ದೊಡ್ಡಮ್ಮನಿಗೆ ಈಗ ಎಪ್ಪತ್ತು ದಾಟಿದೆ. ಸುಲಿಯೋಕೆ ಮೆಷಿನ್ ಬಂದಮೇಲೆ ಮೆಟ್ಟುಗತ್ತಿ ಅಟ್ಟ ಸೇರಿದೆ. ಶಾಲೆಯವರೆಗೆ ಕೈ ಹಿಡಿದು ಕರೆದುಕೊಂಡು ಹೋದೆ. ಬಿಸಿಲು ಜೋರಿತ್ತು. ವಾಪಸ್ಸು ಬರುವಾಗ, ಹಳೆಯದು ನೆನಪಾಗಿ, "ಈ ಸಲ ಚಿಹ್ನೆ ಕೇಳಲೇ ಇಲ್ಲವಲ್ಲ ದೊಡ್ಡಮ್ಮ?" ಅಂದೆ.

ಬೆರಳಿಗೆ ಹಚ್ಚಿದ ಶಾಯಿಯನ್ನು ಸೆರಗಿನಿಂದ ಒರೆಸಿಕೊಳ್ಳುತ್ತಾ, ಹೋಗೋದಿಲ್ಲ ಅಂತ ಗೊತ್ತಿದ್ದೂ ಒರೆಸಿಕೊಳ್ಳುತ್ತಾ, ಹೇಳಿದಳು: "ಈಗ ಎಂತಕ್ಕೆ ಕೇಳದು? ಫೋಟೋನೇ ಹಾಕಿರ್ತಾರಲ್ಲೋ."